ಐವತ್ತನೇ ಕಂತಿನ ಕೊರಳಪಟ್ಟಿ

ಬೆಳಗಿನ ಐದೂವರೆ. ಮುಂಗ್ಯೊಂಗ್ ಊರಾಚೆ, ಸೇಬಿನ ತೋಟಗಳು ಮುಗಿದು ಗುಡ್ಡ ಶುರುವಾಗುವಲ್ಲಿ, ತಗಡು ಹೊದಿಸಿದ ಉದ್ದನೆಯ ಉಗ್ರಾಣದ ಬಾಗಿಲು ಅರ್ಧ ತೆರೆದಿದೆ. ಹೊಳೆಯಿಂದ ಎದ್ದ ಮಂಜು ಯಾರನ್ನೂ ಕೇಳದೆ ಒಳಗೆ ಬಂದು ಬಟ್ಟೆಗಳ ಸಾಲಿನಲ್ಲಿ ಓಡಾಡುತ್ತಿದೆ. ರಾಜರ ಕೆಂಪು ನಿಲುವಂಗಿಗಳು, ಮಂತ್ರಿಗಳ ನೀಲಿ, ಸೈನಿಕರ ಕಪ್ಪು, ಬಡವರ ಬಿಳಿ. ಎಲ್ಲ ಸೇರಿ ಹನ್ನೊಂದು ಸಾವಿರ ಉಡುಪು. ಒಳಗೆ ಮೈಯಿಲ್ಲದ ಈ ಉಡುಪುಗಳು ನಸುಕಿನ ಗಾಳಿಗೆ ಅಷ್ಟಿಷ್ಟು ಅಲುಗಾಡುವಾಗ, ಮುನ್ನೂರು ವರ್ಷದ ಹಿಂದಿನ ಊರೊಂದು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಕಾಣುತ್ತದೆ.

ಆ ಸಾಲುಗಳ ಕೊನೆಯಲ್ಲಿ, ಮೋಟು ಮಣೆಯ ಮೇಲೆ ಕುಳಿತು, ಅರವತ್ತೊಂಬತ್ತು ವರ್ಷದ ಟಾಕ್ ಬೊಕ್‌ಹೀ ಹೊಚ್ಚಹೊಸ ಅಂಗಿಯೊಂದನ್ನು ಹಾಳು ಮಾಡುತ್ತಿದ್ದಾರೆ. ಮೊದಲು ಮೊಣಕೈಗೆ ಉಪ್ಪುಕಾಗದ ಹಾಕಿ ಉಜ್ಜುತ್ತಾರೆ. ಕತ್ತಿನ ಹಿಂಭಾಗಕ್ಕೆ ಮೇಣದ ತುಂಡು ತಿಕ್ಕಿ ಬೆವರಿನ ಜಿಡ್ಡು ಬರಿಸುತ್ತಾರೆ. ತೋಳಿನ ತುದಿಗೆ ಅಕ್ರೋಟಿನ ಹಸಿರು ಸಿಪ್ಪೆ ಕುದಿಸಿದ ಕಂದು ನೀರು, ಕೆಳಗಿನ ಅಂಚಿಗೆ ಒಲೆಯ ಬೂದಿ. ನಡುನಡುವೆ ಎದ್ದು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮಾತಾಡಿಸುತ್ತಾರೆ.

“ಏನಪ್ಪಾ, ಎಷ್ಟು ವಯಸ್ಸಾಯ್ತು ನಿಂಗೆ? ಮೂರು ವರ್ಷಾನಾ? ಸಾಲ್ದು. ನೀನು ಅಪ್ಪ ಹಾಕಿ ಮಗನಿಗೆ ಬಂದ ಅಂಗಿ. ಇನ್ನೂ ಸ್ವಲ್ಪ ತಡ್ಕೋ.”

ಹೊಸ ಬಟ್ಟೆಗೆ ವಯಸ್ಸು ತರುವುದೇ ಬೊಕ್‌ಹೀ ಅವರ ಕಸುಬು. ಟಿವಿಯ ಐತಿಹಾಸಿಕ ಧಾರಾವಾಹಿಯಲ್ಲಿ ಬಡವನೊಬ್ಬ ಬಂದು ರಾಜನ ಕಾಲಿಗೆ ಬಿದ್ದಾಗ ನಾವು ಅವನ ಕಣ್ಣೀರು ನೋಡುತ್ತೇವೆ. ಆ ಕಣ್ಣೀರನ್ನು ನಂಬುವಂತೆ ಮಾಡಿದ್ದು ಅವನ ಸವೆದ ಮೊಣಕಾಲು ಎಂಬುದು ನಮಗೆ ಹೊಳೆಯುವುದಿಲ್ಲ. ಮಾಮೂಲು ದಿನಗಳಲ್ಲಿ ಇಪ್ಪತ್ತೈದು ಅಂಗಿ, ಚಿತ್ರೀಕರಣದ ಕಾಲದಲ್ಲಿ ಎಪ್ಪತ್ತು. ತಿಂಗಳಿಗೆ ನೂರು ಹಾಳೆ ಉಪ್ಪುಕಾಗದ. ಇಪ್ಪತ್ತೆರಡು ವರ್ಷ ಉಜ್ಜಿದ ಮೇಲೆ ಬೆರಳ ಗುರುತೇ ಅಳಿಸಿಹೋಗಿದೆ. ಪುರಸಭೆಯಲ್ಲಿ ಪ್ರಮಾಣಪತ್ರ ಕೊಡುವ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ ಅದು ಪ್ರತಿ ಸಲವೂ “ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ” ಎನ್ನುತ್ತದಂತೆ.

“ನಾನೂ ಅದಕ್ಕೆ ಹೇಳ್ದೆ, ನೀನೇ ಪ್ರಯತ್ನ ಮಾಡಮ್ಮ, ನಾನು ಇಲ್ಲೇ ಇದೀನಲ್ಲ ಅಂತ” ಎಂದು ಬೊಕ್‌ಹೀ ನಗುತ್ತಾರೆ.

ಇಲ್ಲಿ ಎಲ್ಲರಿಗೂ ಅವರು ಚಿಕ್ಕಮ್ಮ. ನಾನೂ ಬಂದ ಹತ್ತು ನಿಮಿಷಕ್ಕೆ ಹಾಗೆಯೇ ಕರೆಯತೊಡಗಿದೆ. ಅವರು ಮಾತ್ರ ನನ್ನನ್ನು ‘ಪತ್ರಿಕೆಯವ್ರೇ’ ಎನ್ನುತ್ತಾರೆ, ಆ ‘ರೇ’ಯಲ್ಲಿ ಮರ್ಯಾದೆಗಿಂತ ಕೀಟಲೆಯೇ ಜಾಸ್ತಿ. ತಳ ಹಿಡಿದ ಸೀಕಲು ಅನ್ನಕ್ಕೆ ಬಿಸಿನೀರು ಹೊಯ್ದು ಮಾಡಿದ ಗಂಜಿಯನ್ನು ನನ್ನ ಮುಂದಿಟ್ಟು, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಬೆಳ್ಳುಳ್ಳಿ ಇಟ್ಟು, ಗೋಡೆಯ ಗಡಿಯಾರ ನೋಡುತ್ತಾರೆ. ನಾನು ಗಂಜಿ ಉಣ್ಣುವಷ್ಟರಲ್ಲಿ ಮೂರು ಸಲ ನೋಡಿದರು. ಹತ್ತು ಗಂಟೆಗೆ ಲಾರಿ ಬರುತ್ತದೆ. ಹೊಸ ಧಾರಾವಾಹಿಯೊಂದಕ್ಕೆ ಮುನ್ನೂರು ಬಡವರ ಉಡುಪು ಹೋಗಬೇಕು. ಇನ್ನೂರ ತೊಂಬತ್ತೊಂಬತ್ತರ ಬಗ್ಗೆ ಅವರಿಗೆ ಚಿಂತೆಯಿಲ್ಲ. ಉಳಿದ ಒಂದು ಅವರ ಹಿಂದಿನ ಗೂಟದಲ್ಲಿ, ಹಳೆಯ ದುಪ್ಪಟಿಯೊಳಗೆ, ನೇತಾಡುತ್ತಿದೆ.

ದುಪ್ಪಟಿ ಸರಿಸಿ ತೋರಿಸಿದರು. ಹತ್ತಿ ತುಂಬಿ ಸಾಲುಸಾಲಾಗಿ ಹೊಲಿದ ಹೆಂಗಸಿನ ಮೇಲಂಗಿ. ಒಂದು ಕಾಲಕ್ಕೆ ನೀಲಿ ಇದ್ದಿರಬೇಕು, ಈಗ ಮಳೆಗಾಲದ ಸಂಜೆಯ ಬಣ್ಣ. ನನಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಇದು ದಲ್ಲೆಯ ಅಂಗಿ!

ದಲ್ಲೆ ಯಾರೆಂದು ಕೇಳುವವರೇ ಹೆಚ್ಚಿರುತ್ತಾರೆ, ಅದಕ್ಕೆ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ‘ಹಿಮದ ನೂಲು’ ಎಂಬ ಧಾರಾವಾಹಿ ವಾರಾಂತ್ಯಕ್ಕೆ ಬರುತ್ತಿತ್ತು. ಅದರಲ್ಲಿ ಯುದ್ಧವಿಲ್ಲ, ಅರಮನೆಯ ಸವತಿ ಜಗಳವಿಲ್ಲ. ಮಾಡದ ತಪ್ಪಿಗೆ ಗಂಡನನ್ನು ಸೆರೆಗೆ ಹಾಕುತ್ತಾರೆ. ಹೆಂಡತಿ ದಲ್ಲೆ ಸೆರೆಮನೆಯ ಬಾಗಿಲ ಮುಂದೆ ಚಾಪೆ ಹಾಸಿ ಕುಳಿತು ಬಿಡುತ್ತಾಳೆ. ಒಳಗಿರುವವರಿಗೆ ಬಟ್ಟೆ ತರುವ ಮನೆಯವರಿಗೆಲ್ಲ ಅಂಗಿಯ ಕೊರಳಪಟ್ಟಿ ಹೊಲಿದುಕೊಡುತ್ತಾಳೆ. ಬಾಗಿಲು ಕಾಯುವ ಮುದುಕ ಮಾಕ್‌ಸೊಯ್ ದಿನವೂ ಅವಳನ್ನು ಗದರಿ ಓಡಿಸುತ್ತಾನೆ, ದಿನವೂ ಅವಳು ಮತ್ತೆ ಬಂದು ಕೂರುತ್ತಾಳೆ. ಅಷ್ಟೇ ಕಥೆ. ನನ್ನ ತಾಯಿ ಆ ಒಂದು ಗಂಟೆ ಯಾರ ಫೋನೂ ಎತ್ತುತ್ತಿರಲಿಲ್ಲ.

ಐವತ್ತು ಕಂತು ಎಂದು ಶುರುವಾದದ್ದು ಇಪ್ಪತ್ತೆರಡಕ್ಕೆ ನಿಂತುಹೋಯಿತು. ಎದುರು ವಾಹಿನಿಯಲ್ಲಿ ಅದೇ ಹೊತ್ತಿಗೆ ಹಾಡಿನ ಸ್ಪರ್ಧೆ, ನೂರಕ್ಕೆ ನಾಲ್ಕು ಮನೆಯವರೂ ಇದನ್ನು ನೋಡುತ್ತಿರಲಿಲ್ಲ. ಕೊನೆಯ ಕಂತಿನಲ್ಲಿ ಏಕಾಏಕಿ ರಾಜನ ಕ್ಷಮಾದಾನ ಬಂತು, ಗಂಡ ಕುದುರೆಯೇರಿ ಬಂದ, ಮೇಲಿಂದ ಹೂವಿನ ಎಸಳು ಉದುರಿದವು. ಇಪ್ಪತ್ತೆಂಟು ವಾರದ ಕಥೆಯನ್ನು ಇಪ್ಪತ್ತು ನಿಮಿಷದಲ್ಲಿ ಮಡಚಿ ಪೆಟ್ಟಿಗೆಗೆ ತುಂಬಿದರು. ಅಮ್ಮ ಟಿವಿಗೇ ಬೈದರು: “ಇವನ್ಯಾಕೆ ಬಂದ ಈಗ? ಇವನು ಬರೋ ಕಥೆಯಲ್ಲ ಇದು!” ನನಗೆ ಇವತ್ತಿಗೂ ಆ ವಾಹಿನಿಯ ಮೇಲೆ ಸಿಟ್ಟಿದೆ. ಒಳ್ಳೆಯದು ನಿಧಾನಕ್ಕೆ ಬೇಯುತ್ತಿರುವಾಗ ಒಲೆ ಆರಿಸುವವರನ್ನು ಏನೆನ್ನಬೇಕು?

ಅಮ್ಮನ ಮಾತನ್ನು ಹೇಳಿದಾಗ, “ನಿಮ್ಮಮ್ಮ ಹಂಗಂದ್ರಾ?” ಎಂದು ಬೊಕ್‌ಹೀ ಕೈಯಲ್ಲಿದ್ದ ಉಪ್ಪುಕಾಗದ ಕೆಳಗಿಟ್ಟರು. “ಬುದ್ಧಿವಂತೆ. ನಾನೂ ಅದನ್ನೇ ಅಂದಿದ್ದು.”

ಅಂಗಿಯನ್ನು ಇಳಿಸಿ ತೊಡೆಯ ಮೇಲೆ ಹರಡಿಕೊಂಡು, ಒಂದು ಮೊಣಕಾಲು ಮಡಚಿ ಇನ್ನೊಂದನ್ನು ಎತ್ತಿ ಕುಳಿತರು. ನಮ್ಮ ಹೆಂಗಸರು ಕೂರುವುದೇ ಹಾಗೆ. ಬಲಮೊಣಕಾಲು ಮೇಲಿದ್ದರೆ ಬಲಮೊಣಕೈ ಅದರ ಮೇಲೆ ಊರಿರುತ್ತದೆ. ದಲ್ಲೆಯ ಅಂಗಿಯಲ್ಲಿ ಬಲಗೈಯ ಮೊಣಕೈ ಮಾತ್ರ ಬಲೆಯಾಗಿರುವುದು ಅದಕ್ಕೇ. ಅಂಗಿಯ ಎಡತೋಳಿನ ತುದಿಯಲ್ಲಿ, ಹೆಬ್ಬೆರಳು ಬರುವ ಕಡೆ, ಸೂಜಿ ಒರೆಸಿ ಒರೆಸಿ ಒಂದು ಗೆರೆ ಮೂಡಿದೆ. ಯಾವ ಕ್ಯಾಮೆರಾಕ್ಕೂ ಆ ಗೆರೆ ಕಾಣುವುದಿಲ್ಲ.

“ಕಾಣ್ದಿದ್ರೇನು? ಹಾಕ್ಕೊಂಡೋರಿಗೆ ಗೊತ್ತಾಗುತ್ತೆ. ಆ ಹುಡುಗಿ, ದಲ್ಲೆ ಪಾತ್ರದವಳು, ಮೊದಲ್ನೇ ದಿನ ಅಂಗಿಯೊಳಗೆ ಕೈ ತೂರಿಸ್ದೋಳು ಸುಮ್ನೆ ನಿಂತ್ಬಿಟ್ಲು. ‘ಚಿಕ್ಕಮ್ಮಾ, ಇದರಲ್ಲಿ ಆಗ್ಲೇ ಯಾರೋ ಇದಾರೆ’ ಅಂದ್ಲು.”

ಬಟ್ಟೆ ಹೇಗೆ ಹಳೆಯದಾಗುತ್ತದೆಂದು ಬೊಕ್‌ಹೀ ಕಲಿತದ್ದು ಟಿವಿಯವರಿಂದಲ್ಲ. ಅವರ ಗಂಡ ಕಲ್ಲಿದ್ದಲ ಗಣಿಯಲ್ಲಿದ್ದರು. ಇವರು ಹದಿನೇಳು ವರ್ಷ ದಿನವೂ ಆ ಬಟ್ಟೆ ಒಗೆದರು. ಯಾವ ಮಡಿಕೆಯಲ್ಲಿ ಕಪ್ಪು ಕೂರುತ್ತದೆ, ಯಾವ ಕಪ್ಪು ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಎಲ್ಲ ಕೈಗೆ ಗೊತ್ತು. ಗಣಿಯಲ್ಲಿ ಏನಾದರೂ ಆಯಿತೆಂದು ಸೈರನ್ ಕೂಗಿದರೆ ಹೆಂಗಸರೆಲ್ಲ ಗಣಿಯ ಬಾಯಿಗೆ ಓಡಬೇಕು. ಮೇಲೆ ಬಂದವರ ಮುಖ ಮಸಿಯಾಗಿ ಒಂದೇ ಥರ ಇರುತ್ತಿತ್ತಂತೆ, ಗಂಡನನ್ನು ಇವರು ಗುರುತಿಸುತ್ತಿದ್ದುದು ಅಂಗಿಯ ತೇಪೆಯಿಂದ. ಗಣಿ ಮುಚ್ಚಿತು, ಗಂಡನ ಎದೆಯೂ ಮುಚ್ಚಿಕೊಂಡು ಬಂತು, ಹೋಗಿಬಿಟ್ಟರು. ಆಮೇಲೆ ಊರಾಚೆ ಹಳೆಗಾಲದ ಊರಿನ ಸೆಟ್ ಎದ್ದಾಗ ಬೊಕ್‌ಹೀ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದರು. ಒಗೆಯುತ್ತಾ ಒಗೆಯುತ್ತಾ “ಇದು ಸುಳ್ಳು ಹರಕು, ಮನುಷ್ಯ ಹಿಂಗೆ ಹರ್ಕೊಳಲ್ಲ” ಎಂದು ಗೊಣಗಿದ್ದು ಉಡುಪಿನ ಮೇಸ್ತ್ರಿಯ ಕಿವಿಗೆ ಬಿತ್ತು. ಅವರು ಕೈಗೆ ಉಪ್ಪುಕಾಗದ ಕೊಟ್ಟು, ನಿಜವಾದ ಹರಕು ಮಾಡಿ ತೋರಿಸಮ್ಮ ಎಂದರು.

‘ಹಿಮದ ನೂಲು’ ಬಂದಾಗ ಅದು ತನ್ನದೇ ಕಥೆ ಅನ್ನಿಸಿತು ಎನ್ನುತ್ತಾರೆ. “ಬಾಗಿಲು ನೋಡ್ತಾ ಕೂರೋದು ಅಂದ್ರೆ ಏನಂತ ನಂಗೆ ಯಾರೂ ಹೇಳ್ಕೊಡಬೇಕಾಗಿರ್ಲಿಲ್ಲ.”

ಆ ಧಾರಾವಾಹಿಯ ಮೂರನೇ ಕಂತಿನಲ್ಲಿ ಒಂದು ರಾದ್ಧಾಂತವಾಯಿತು. ನಮ್ಮ ಅಂಗಿಗಳ ಕತ್ತಿನ ಸುತ್ತ ಬಿಳಿಯ ಕೊರಳಪಟ್ಟಿ ಇರುತ್ತದಲ್ಲ, ಅದನ್ನು ಅಂಗಿಯ ಜೊತೆ ಹೊಲಿದಿರುವುದಿಲ್ಲ. ಕೊಳೆಯಾದಾಗ ಬಿಚ್ಚಿ ಹೊಸದು ಹಾಕುತ್ತಾರೆ. ಬೊಕ್‌ಹೀ ದಲ್ಲೆಯ ಹರಕು ಅಂಗಿಗೆ ಬೆಳ್ಳನೆಯ ಪಟ್ಟಿ ಹೊಲಿದಿದ್ದರು. ಆಗ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಗು ತೇಸಿಕ್ ಅದನ್ನು ನೋಡಿ, ಚಿಕ್ಕಮ್ಮನಿಗೆ ವಯಸ್ಸಾಯಿತು, ಪಟ್ಟಿಗೆ ಕೊಳೆ ಮಾಡಲು ಮರೆತಿದ್ದಾರೆ ಎಂದುಕೊಂಡು, ಉಪಕಾರ ಮಾಡಲು ಹೋಗಿ ಚಹಾದ ನೀರಿನಲ್ಲಿ ಅದ್ದಿಬಿಟ್ಟ. ಕಂತು ಹಾಗೆಯೇ ಪ್ರಸಾರವಾಯಿತು. ಮಾರನೇ ದಿನ ವಾಹಿನಿಯ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಎಲ್ಲ ಹಳ್ಳಿಗಾಡಿನ ಅಜ್ಜಿಯರು. ಅಂಗಿ ಹರಿದಿರಲಿ, ಹೊಟ್ಟೆ ಖಾಲಿ ಇರಲಿ, ಗಂಡ ಒಳಗಿರುವ ಹೆಂಗಸು ಕೊಳಕು ಪಟ್ಟಿ ಹಾಕಿ ಬಾಗಿಲ ಮುಂದೆ ಕೂರುತ್ತಾಳಾ? ಅವಳನ್ನು ಏನೆಂದುಕೊಂಡಿದ್ದೀರಿ?

ನಾಲ್ಕನೇ ಕಂತಿನಿಂದ ಪಟ್ಟಿ ಮತ್ತೆ ಬೆಳ್ಳಗಾಯಿತು. ತೇಸಿಕ್‌ಗೆ ಈಗ ಮೂವತ್ತೆಂಟು. ಇದೇ ಉಗ್ರಾಣದ ಮ್ಯಾನೇಜರ್. ಆ ಕಥೆ ತೆಗೆದರೆ ಇವತ್ತಿಗೂ ಕಿವಿ ಕೆಂಪಾಗುತ್ತದೆ.

ಧಾರಾವಾಹಿ ನಿಂತ ದಿನ ಅದರ ಬರಹಗಾರ್ತಿ ಸೊಲ್ ಇನ್‌ಗ್ಯೊಂಗ್ ಉಗ್ರಾಣಕ್ಕೆ ಬಂದು, ಉಳಿದ ಇಪ್ಪತ್ತೆಂಟು ಕಂತುಗಳ ಕಥೆ ಬರೆದಿದ್ದ ಪುಸ್ತಕವನ್ನು ಬೊಕ್‌ಹೀ ಮಡಿಲಿಗಿಟ್ಟು ಹೋದರು. “ಎಸೆಯೋಕೆ ಮನಸ್ಸು ಬರ್ಲಿಲ್ಲ, ನೀವು ಓದಿ ಎಸೀರಿ ಅಂದ್ರು” ಎಂದು ಬೊಕ್‌ಹೀ ನೆನೆಯುತ್ತಾರೆ. ಇನ್‌ಗ್ಯೊಂಗ್ ಆಮೇಲೆ ಬರೆಯಲಿಲ್ಲ. ನಾಮ್‌ಹೇ ದ್ವೀಪದಲ್ಲಿ ಬೆಳ್ಳುಳ್ಳಿ ಬೆಳೆಯುತ್ತಾರೆ, ವರ್ಷಕ್ಕೊಂದು ಮೂಟೆ ಕಳಿಸುತ್ತಾರೆ. ನಾನು ಆಗಲೇ ತಿಂದದ್ದು ಅದನ್ನೇ.

ಬೊಕ್‌ಹೀ ಓದಿದರು. ಎಸೆಯಲಿಲ್ಲ. ಒಂದು ಭಾನುವಾರ ದಲ್ಲೆಯ ಅಂಗಿಯನ್ನು ಕೆಳಗಿಳಿಸಿ ಇಪ್ಪತ್ತಮೂರನೇ ಕಂತು ಶುರು ಮಾಡಿದರು.

ಯಾರೂ ಚಿತ್ರೀಕರಿಸದ, ಯಾರೂ ನೋಡದ ಕಂತುಗಳು ಹೀಗೆ ಒಂದೊಂದಾಗಿ ಈ ಅಂಗಿಯ ಮೇಲೆ ನಡೆಯುತ್ತಾ ಹೋದವು. ಇಪ್ಪತ್ತಾರನೇ ಕಂತಿನಲ್ಲಿ ಮಳೆ. ಜೂನ್ ತಿಂಗಳ ಮಳೆ ಬರುವವರೆಗೆ ಕಾದು, ಅಂಗಿಯನ್ನು ಹೊರಗೆ ಬೇಲಿಯ ಮೇಲೆ ಮೂರು ದಿನ ಬಿಟ್ಟರು. ಮೂವತ್ತೊಂದರಲ್ಲಿ ದಲ್ಲೆಗೆ ಜ್ವರ. ತಮಗೆ ನೆಗಡಿ ಜ್ವರ ಬಂದಾಗ ಅದನ್ನೇ ಹೊದ್ದು ಮಲಗಿದರು. ನಲವತ್ತರಲ್ಲಿ ಮೊದಲ ಹಿಮ, ಆ ವರ್ಷ ಹಿಮವೇ ತಡ, ಅಂಗಿ ಗೂಟದಲ್ಲಿ ಹಿಮಕ್ಕಾಗಿ ಕಾಯಿತು. ಒಂದೊಂದು ಕಂತು ಮುಗಿದಾಗ ಒಳಮೈಯಲ್ಲಿ ನೀಲಿ ದಾರದ ಒಂದು ಗಂಟು. ನಲವತ್ತೊಂಬತ್ತನೇ ಕಂತಿನ ಗಂಟು ಬೀಳುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಬೆರಳಿನಿಂದ ನಾನು ಆ ಗಂಟುಗಳನ್ನು ಸವರಿದೆ. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ, ಸೇಬಿನ ಗಿಡಗಳು ಇದ್ದವೋ ಇಲ್ಲವೋ ಎಂಬಂತಿದ್ದವು. ಆ ಬೆಳಕಿನಲ್ಲಿ, ನಾನು ನೋಡದ ಇಪ್ಪತ್ತೇಳು ಕಂತುಗಳನ್ನು ಎಲ್ಲೋ ಯಾವಾಗಲೋ ನೋಡಿದ್ದೇನೆ ಅನ್ನಿಸತೊಡಗಿತು.

ಆದರೆ ಐವತ್ತನೇ ಕಂತಿನ ಗಂಟು ಇಲ್ಲ. ಕೊರಳಪಟ್ಟಿಯೂ ಇಲ್ಲ. ಕತ್ತು ಬೋಳಾಗಿದೆ. ಏಳು ವರ್ಷದಿಂದ ಹಾಗೇ ಇದೆ.

“ಐವತ್ತರಲ್ಲಿ ಏನಾಗುತ್ತೆ ಚಿಕ್ಕಮ್ಮಾ?”

“ಗಂಡ ಬರಲ್ಲ” ಎಂದರು ಬೊಕ್‌ಹೀ. “ಒಳಗೇ ಯಾವತ್ತೋ ತೀರ್ಕೊಂಡಿರ್ತಾನೆ, ಇವಳಿಗೆ ಯಾರೂ ಹೇಳಿರಲ್ಲ. ಇಪ್ಪತ್ತು ವರ್ಷ ಆಗಿರುತ್ತೆ. ಇವಳ ಕಣ್ಣು ಮಂಜಾಗಿ ಸೂಜಿಗೆ ದಾರ ಹೋಗಲ್ಲ. ಊರೋರಿಗೆಲ್ಲ ಪಟ್ಟಿ ಹೊಲಿದೋಳ ಕತ್ತಲ್ಲೇ ಪಟ್ಟಿ ಇಲ್ಲ. ಆಗ ಆ ಮುದುಕ, ಮಾಕ್‌ಸೊಯ್, ದಿನಾ ಓಡಿಸ್ತಿದ್ದೋನು, ಬಂದು ಪಕ್ಕದಲ್ಲಿ ಕೂತು ಸೂಜಿ ಇಸ್ಕೋತಾನೆ. ಜನ್ಮದಲ್ಲಿ ಸೂಜಿ ಹಿಡಿದೋನಲ್ಲ. ಹೊಲೀತಾ ಹೊಲೀತಾ ಗಂಡ ಸತ್ತ ವಿಷಯ ಹೇಳ್ತಾನೆ. ಅವಳು ಅಳಲ್ಲ. ಪಟ್ಟಿ ಮುಟ್ಟಿ ನೋಡ್ಕೊಂಡು, ಎದ್ದು, ಮೊದಲ್ನೇ ಸಲ ಆ ಬಾಗಿಲಿಗೆ ಬೆನ್ನು ತಿರುಗಿಸಿ ನಡ್ಕೊಂಡು ಹೋಗ್ತಾಳೆ. ಅಷ್ಟೇ.”

ಅಮ್ಮ ಹೇಳಿದ್ದು ಸರಿಯಾಗಿತ್ತು.

ಹಾಗಾಗಿ ಈ ಪಟ್ಟಿಯನ್ನು ಬೊಕ್‌ಹೀ ತಾವೇ ಹೊಲಿಯುವಂತಿಲ್ಲ. ಮಾಕ್‌ಸೊಯ್ ಆಗಿದ್ದ ನಟನೇ ಬಂದು ಹೊಲಿಯಲಿ ಎಂದು ಕಾದರು. ಎರಡು ಸಲ ಹೇಳಿಕಳಿಸಿದ್ದಕ್ಕೆ, ಖಂಡಿತ ಬರುತ್ತೇನೆ ಎಂದಿದ್ದರಂತೆ. ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡರು. ಇನ್‌ಗ್ಯೊಂಗ್‌ಗೆ ಫೋನು ಮಾಡಿದರೆ, “ಆ ಅಂಗಿ ನೋಡೋ ಧೈರ್ಯ ನಂಗಿಲ್ಲ ಅಕ್ಕಾ” ಎಂದರು. ಈಗ ಹತ್ತು ಗಂಟೆಗೆ ಲಾರಿ. ತೇಸಿಕ್, ಬೇಕಾದರೆ ಅಂಗಿ ಹರಿದುಹೋಯಿತೆಂದು ಬರೆದುಬಿಡುತ್ತೇನೆ, ಮನೆಗೆ ತಗೊಂಡು ಹೋಗಿ ಎಂದಿದ್ದಾನೆ. ಇವರೇ ಒಪ್ಪಲಿಲ್ಲ.

“ಮನೇಲಿಟ್ಟು ಏನ್ ಮಾಡ್ಲಿ, ಪೂಜೆ ಮಾಡ್ಲಾ? ಬಟ್ಟೆ ಅನ್ನೋದು ಮೈ ಮೇಲಿರ್ಬೇಕು. ಯಾರ ಮೈ ಆದ್ರೂ ಆಗ್ಲಿ. ಆದ್ರೆ ಅರ್ಧ ಕಥೆ ಹೊತ್ಕೊಂಡು ಹೋಗ್ಬಾರ್ದು. ಒಂದ್ಸಲ ಟಿವಿಯೋರು ಹಂಗೆ ಕಳ್ಸಿದ್ರು. ನಾನೂ ಹಂಗೇ ಕಳ್ಸಿದ್ರೆ ಅವರಿಗೂ ನಂಗೂ ಏನ್ ವ್ಯತ್ಯಾಸ?”

“ಇಲ್ಲಿ ಯಾರಾದರೂ ಹೊಲಿಯಬಹುದಲ್ಲ?” ಎಂದೆ.

“ಇಲ್ಲಿರೋರೆಲ್ಲ ಹೊಲಿಗೆ ಬಲ್ಲೋರು ಕಣ್ರೀ. ಅದೇ ಕಷ್ಟ.” ನನ್ನ ಕೈಗಳನ್ನು ಒಮ್ಮೆ ನೋಡಿದರು. “ನಿಮಗೆ ಬರುತ್ತಾ?”

“ಸೈನ್ಯದಲ್ಲಿದ್ದಾಗ ಅಂಗಿಗೆ ಹೆಸರುಪಟ್ಟಿ ಹೊಲಿದದ್ದೇ ಕೊನೆ. ಅದೂ ಸೊಟ್ಟಗೆ. ಹವಾಲ್ದಾರ್ ಮೂರು ಸಲ ಕಿತ್ತು ಹೊಲಿಸಿದ್ದ.”

ಬೊಕ್‌ಹೀ ಮುಖ ಅರಳಿತು. ಅಷ್ಟು ಹೊತ್ತಿನ ಬಹುವಚನ ಅಲ್ಲಿಗೆ ಮುಗಿಯಿತು. “ಹಂಗಾದ್ರೆ ಕೂತ್ಕೋ ಬಾರಪ್ಪಾ ಇಲ್ಲಿ!”

ನಾನು ಬರೆಯಲು ಬಂದವನು, ಹೊಲಿಯಲು ಅಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಮನಸ್ಸಾಗಲಿಲ್ಲ. ಒಲೆಯಲ್ಲಿ ಕಾಯಿಸಿದ ಚಿಕ್ಕ ಇಸ್ತ್ರಿಕಡ್ಡಿಯಿಂದ ಅವರು ಬಿಳಿ ಪಟ್ಟಿಯನ್ನು ಗೆರೆ ಬರುವಂತೆ ಮಡಚಿಕೊಟ್ಟರು. ಸೂಜಿಗೆ ದಾರ ಪೋಣಿಸಲು ನನಗೇ ನಾಲ್ಕು ಸಲ ಬೇಕಾಯಿತು. ಮೊದಲ ಹೊಲಿಗೆ ಉದ್ದ, ಎರಡನೆಯದು ಗಿಡ್ಡ, ಮೂರನೆಯದು ಬೆರಳಿಗೆ ಚುಚ್ಚಿತು. “ರಕ್ತ ಒರೆಸಬೇಡ ಅದಕ್ಕೆ, ಬೆಳ್ಳಗಿರಬೇಕು ಪಟ್ಟಿ” ಎಂದು ಗದರಿದರು. ಹನ್ನೊಂದು ಸಾವಿರ ಉಡುಪುಗಳ ನಡುವೆ, ಎತ್ತಿದ ಮೊಣಕಾಲಿನ ಮೇಲೆ ಕೈಯೂರಿ, ಅವರು ಬಾಗಿಲ ಕಡೆ ನೋಡುತ್ತಾ ಕುಳಿತಿದ್ದರು. ಗಣಿಯ ಬಾಯಲ್ಲೂ ಹೀಗೆಯೇ ಕುಳಿತಿದ್ದರೇನೋ. ನಾನು ಹೊಲಿಯುತ್ತಾ ಹೊಲಿಯುತ್ತಾ, ಏನಾದರೂ ಹೇಳಬೇಕು, ಆ ಮುದುಕ ಹೇಳಿದನಲ್ಲ ಹಾಗೆ, ಎಂದುಕೊಂಡೆ. ಕೊನೆಗೆ, “ಚಿಕ್ಕಮ್ಮಾ, ಇವತ್ತು ಊರಿಗೆ ಹೋಗಿ ಅಮ್ಮನಿಗೆ ಹೇಳ್ತೀನಿ, ಅವನು ಬರ್ಲಿಲ್ಲ ಅಂತ” ಎಂದೆ.

“ಹೇಳು. ಇವಳು ಎದ್ದು ಹೋದ್ಲು ಅಂತಾನೂ ಹೇಳು” ಎಂದರು. ಕಣ್ಣು ತುಂಬಿಕೊಂಡಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ.

ಪಟ್ಟಿ ಎಡಕ್ಕೆ ಅರ್ಧ ಬೆರಳು ಜಾರಿತ್ತು, ಬಲತುದಿಯಲ್ಲಿ ನೆರಿಗೆ ಬಿದ್ದಿತ್ತು. ಬೊಕ್‌ಹೀ ಅದರ ಮೇಲೆ ಕೈಯಾಡಿಸಿ, “ಸರಿಯಾಗಿದೆ” ಎಂದರು. ಒಳಮೈ ತಿರುವಿ ನೀಲಿ ದಾರದಲ್ಲಿ ಐವತ್ತನೇ ಕಂತಿನ ಗಂಟು ಹಾಕಿದರು.

ಹತ್ತಕ್ಕೆ ಐದು ನಿಮಿಷವಿರುವಾಗಲೇ ಲಾರಿ ಬಂತು. ತೇಸಿಕ್ ಉಡುಪುಗಳ ಯಾದಿ ಹಿಡಿದು ಒಂದೊಂದೇ ಉಡುಪಿಗೆ ಗುರುತು ಹಾಕುತ್ತಾ ಈ ಅಂಗಿಯ ಹತ್ತಿರ ಬಂದವನು ನಿಂತುಬಿಟ್ಟ.

“ಅಯ್ಯೋ, ಯಾರು ಚಿಕ್ಕಮ್ಮಾ ಹೊಲಿದಿದ್ದು ಇದನ್ನ? ಎಷ್ಟು ಸೊಟ್ಟ! ತಾಳಿ, ಬಿಚ್ಚಿ ಎರಡು ನಿಮಿಷದಲ್ಲಿ ಸರಿ ಮಾಡ್ಕೊಡ್ತೀನಿ.” ಜೇಬಿನಿಂದ ಕತ್ತರಿ ಹೊರಗೆ ಬಂದೇಬಿಟ್ಟಿತ್ತು.

ಬೊಕ್‌ಹೀ ಅವನ ಕೈಮೇಲೆ ಪಟ್ಟನೆ ಹೊಡೆದರು. “ಆವತ್ತು ಚಹಾದಲ್ಲಿ ಅದ್ದಿದ್ದು ಸಾಲ್ಲಿಲ್ವೇನೋ ನಿಂಗೆ? ಮಾಕ್‌ಸೊಯ್ ಹೊಲಿದಿದ್ದು ಅದು. ಮುಟ್ಟಬೇಡ.”

ತೇಸಿಕ್ ಒಮ್ಮೆ ಅವರನ್ನು ನೋಡಿದ, ಒಮ್ಮೆ ನನ್ನ ಬೆರಳಿಗೆ ಸುತ್ತಿದ್ದ ಬಟ್ಟೆಯ ಚೂರನ್ನು ನೋಡಿದ. ಅವನ ಕಿವಿ ಕೆಂಪಾಯಿತು. ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಲಾರಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟ.

ನಿಮಗೇನು ಆಸೆಯಿದೆ ಎಂದು ಇಂಥ ಲೇಖನದ ಕೊನೆಗೆ ಕೇಳುವುದು ನಮ್ಮ ರೂಢಿ. ನಾನು ಕೇಳಬೇಕೆಂದು ತಿರುಗುವಷ್ಟರಲ್ಲಿ ಅವರು ಪಕ್ಕದಲ್ಲಿರಲಿಲ್ಲ. ಹೊರಟ ಲಾರಿಯ ಹಿಂದೆ ರಬ್ಬರ್ ಚಪ್ಪಲಿಯಲ್ಲಿ ಓಡುತ್ತಿದ್ದರು. ಲಾರಿ ನಿಂತಿತು. ಲಾರಿಯಲ್ಲೇ ಕೂತು ಹೊರಟಿದ್ದ ತೇಸಿಕ್ ಕಿಟಕಿಯಿಂದ ತಲೆ ಹೊರಹಾಕಿದ. ಏದುಸಿರು ಬಿಡುತ್ತಾ ಬಾಗಿಲು ಹಿಡಿದು ಅವರು ಹೇಳಿದ್ದು ನನಗೂ ಕೇಳಿಸಿತು.

“ಕೂರೋ ಪಾತ್ರಕ್ಕೆ ಕೊಡಬೇಡ ಕಣೋ ಅದನ್ನ. ಇಪ್ಪತ್ತು ವರ್ಷ ಕೂತಿದಾಳೆ. ನಡೆಯೋರಿಗೆ ಕೊಡು.”